ಚಾಡಿಕೋರನ ಬಾಯಿ

ಆಕಾಶ ಕಾಯುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಹೊರಗೆ ಬಿಸಿಲೋ ಮಳೆಯೋ ಎಂಬುದು ಒಳಗೆ ಕೂತವರಿಗೆ ಗೊತ್ತಾಗುತ್ತಿದ್ದುದು ಚಹಾ ತರುವವನ ಅಂಗಿ ಒದ್ದೆಯಾಗಿದೆಯೋ ಇಲ್ಲವೋ ನೋಡಿ. ಸಾವಿರಾರು ಜನರ ಜೀವ ತಲೆಯ ಮೇಲೆ ಹಾರಾಡುತ್ತಿರುತ್ತದೆ, ಅದನ್ನು ಕಾಯುವವರು ಮಾತ್ರ ಹಾಡಹಗಲಲ್ಲೂ ಬಿಲದೊಳಗಿನ ಇಲಿಗಳ ಹಾಗೆ ಕತ್ತಲಲ್ಲಿ ಕೂತು ಪರದೆ ನೋಡಬೇಕು. ಕಟ್ಟಿಸಿದವನ ಬುದ್ಧಿಗೆ ಏನೆನ್ನೋಣ.

ಆ ಕೋಣೆಯಲ್ಲಿ ಗೋಡೆಯ ಪಕ್ಕದ ಕುರ್ಚಿ ಗಿಣಿಯದು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ. ಮನೆಯಲ್ಲೂ ಕೆಲಸದಲ್ಲೂ ಅವಳು ಗಿಣಿಯೇ. ಚಿಕ್ಕಂದಿನಲ್ಲಿ ದೊಡ್ಡವರು ಆಡಿದ್ದನ್ನೆಲ್ಲ ತಿರುಗಿ ಆಡುತ್ತಿದ್ದಳೆಂದು ಸೋದರಮಾವ ಇಟ್ಟ ಹೆಸರದು. ಕೊನೆಗೆ ಸಿಕ್ಕ ಕೆಲಸವೂ ಅದೇ ಆಯಿತು. ಇಳಿಯಲು ಬರುವ ದೊಡ್ಡ ವಿಮಾನಗಳಿಗೆ ಎಡಕ್ಕೆ ತಿರುಗಿ, ಕೆಳಗಿಳಿಯಿರಿ, ವೇಗ ತಗ್ಗಿಸಿ ಎನ್ನುವುದು. ಅವರು ಅದನ್ನೇ ತಿರುಗಿ ಒಪ್ಪಿಸುವಾಗ ಕಿವಿಗೊಟ್ಟು ಕೇಳುವುದು. ಒಬ್ಬರ ಬಾಯಿ ತಪ್ಪಿದರೆ ಇನ್ನೊಬ್ಬರ ಕಿವಿ ಹಿಡಿಯಬೇಕು. ಅಷ್ಟೇ ಕೆಲಸ. ಅಷ್ಟನ್ನು ಮಾಡಿ ಮನೆಗೆ ಹೋದರೆ ಅನ್ನ ಕಲಸಲೂ ಕೈ ಏಳುತ್ತಿರಲಿಲ್ಲ.

ಆ ಮಧ್ಯಾಹ್ನ ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಇಳಿಯುವ ವಿಮಾನಗಳು ಸಕ್ಕರೆ ಕಂಡ ಇರುವೆಗಳ ಹಾಗೆ ಒಂದರ ಹಿಂದೊಂದು ಸಾಲುಗಟ್ಟಿದ್ದವು. ಪರದೆಯ ಮೇಲೆ ಪ್ರತಿ ಚುಕ್ಕೆಯ ಪಕ್ಕದಲ್ಲೂ ಅದರ ಹೆಸರು, ಎತ್ತರ. ರೇಡಾರು ಆಕಾಶಕ್ಕೆ ಕೂಗಿ ಕೇಳುತ್ತದೆ: ಯಾರು ನೀನು, ಎಷ್ಟು ಎತ್ತರದಲ್ಲಿದ್ದೀಯ? ವಿಮಾನದೊಳಗಿನ ಒಂದು ಪೆಟ್ಟಿಗೆ ಉತ್ತರ ಕೊಡುತ್ತದೆ. ದೊಡ್ಡ ವಿಮಾನಗಳೂ ಹಾಗೆಯೇ ಅಕ್ಕಪಕ್ಕದವರ ಪೆಟ್ಟಿಗೆಗಳನ್ನು ತಾವೇ ಮಾತಾಡಿಸುತ್ತವೆ. ಯಾರಾದರೂ ಹತ್ತಿರ ಬಂದರೆ ಕ್ಯಾಪ್ಟನ್ನಿನ ಕಿವಿಗೆ ಗಂಟೆ ಬಾರಿಸುತ್ತವೆ. ಆದರೆ ಕೇಳಿದ್ದಕ್ಕೆ ಉತ್ತರ ಕೊಡದವನನ್ನು ಏನು ಮಾಡುವುದು? ಅವನು ರೇಡಾರಿನ ಪರದೆಯ ಮೇಲೆ ಹೆಸರೂ ಎತ್ತರವೂ ಇಲ್ಲದ ಒಂದು ಮಸುಕು ಚುಕ್ಕೆ. ದೊಡ್ಡ ವಿಮಾನದ ಗಂಟೆಗೋ, ಅವನು ಇಲ್ಲವೇ ಇಲ್ಲ.

ಅಂಥ ಚುಕ್ಕೆಗೆ ಆ ಕೋಣೆಯವರು ಬೇನಾಮಿ ಎನ್ನುತ್ತಿದ್ದರು. ಹಕ್ಕಿಗಳ ಹಿಂಡೂ ಬೇನಾಮಿಯೇ, ಹೆದ್ದಾರಿಯ ಲಾರಿಯೂ ಒಮ್ಮೊಮ್ಮೆ ಬೇನಾಮಿಯೇ. ಪ್ರತಿ ಕಾಗೆಗೂ ಹೆದರಿ ವಿಮಾನ ತಿರುಗಿಸುತ್ತಾ ಕೂತರೆ ಒಂದೂ ನೆಲ ಮುಟ್ಟುವುದಿಲ್ಲ. ಆದ್ದರಿಂದ ಬೇನಾಮಿಗಳನ್ನು ಕಂಡೂ ಕಾಣದ ಹಾಗೆ ಇರುವುದನ್ನು ಎಲ್ಲರೂ ಕಲಿತಿದ್ದರು.

ಇಟ್ಟಿಗೆ ಗೂಡಿನ ಚಿಮಣಿ ಇರುವ ಮೂಲೆಯಲ್ಲಿ ಅವತ್ತು ಒಂದು ಬೇನಾಮಿ ಎದ್ದಿತು. ನಿಲ್ದಾಣದ ಆಕಾಶದ ಗಡಿಯೊಳಕ್ಕೆ ಬಂತು. ನೂಲು ಹಿಡಿದ ಹಾಗೆ ನೆಟ್ಟಗೆ ಬಂತು. ಕಾಗೆಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಗಿಣಿಯ ಬೆನ್ನು ಕುರ್ಚಿಯಿಂದ ಮೇಲೆದ್ದಿತು. ಸಾಲಿನ ಮುಂದಿನ ದೊಡ್ಡ ವಿಮಾನ ಆ ಚುಕ್ಕೆಯ ದಾರಿಗೇ ಇಳಿಯುತ್ತಿತ್ತು.

"ಕೂಡಲೇ ಬಲಕ್ಕೆ ತಿರುಗಿ," ಎಂದಳು. "ಎದುರಿಗೆ ಗುರುತಿಲ್ಲದ ವಿಮಾನ. ಎತ್ತರ ಗೊತ್ತಿಲ್ಲ."

"ನಮ್ಮಲ್ಲಿ ಏನೂ ತೋರಿಸ್ತಿಲ್ಲ," ಎಂದಿತು ಕ್ಯಾಪ್ಟನ್ನಿನ ದನಿ. ಇಳಿಯುವ ಹೊತ್ತಿನಲ್ಲಿ ಅಡ್ಡ ಬಂದರೆ ಯಾರಿಗೂ ಸಿಟ್ಟೇ.

"ತೋರಿಸಲ್ಲ. ತಿರುಗಿ."

ಎರಡು ಚುಕ್ಕೆಗಳು ಒಂದಾದವು. ಅದು ಎಂಥ ಹೊತ್ತೆಂದರೆ, ಕಣ್ಣು ಮಿಟುಕಿಸಲೂ ಧೈರ್ಯ ಸಾಲದು. ಪಕ್ಕದ ಕುರ್ಚಿಯವನು ಬಾಯಿಗೆ ಹಿಡಿದಿದ್ದ ಲೋಟವನ್ನು ಅಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಒಂದರೊಳಗಿಂದ ಎರಡು ಬೇರೆಯಾದವು.

"ಕಂಡಿತು," ಎಂದ ಕ್ಯಾಪ್ಟನ್. ದನಿಯಲ್ಲಿದ್ದ ಸಿಟ್ಟೆಲ್ಲ ಎಲ್ಲೋ ಇಳಿದು ಹೋಗಿತ್ತು. "ಎಡರೆಕ್ಕೆಯ ಕೆಳಗಿಂದ ಹೋಯ್ತು. ಚಿಕ್ಕ ವಿಮಾನ. ಬಿಳಿ ಮೈ, ಕೆಂಪು ಬಾಲ."

ಗಿಣಿ ಅದನ್ನೇ ತಿರುಗಿ ಹೇಳಿದಳು. ಬಿಳಿ ಮೈ, ಕೆಂಪು ಬಾಲ. ಆ ಬಾಲಕ್ಕೆ ಬಣ್ಣ ಬಳಿದ ಕೈಗಳಲ್ಲಿ ಅವಳದೂ ಇದ್ದವು. ಶಾಲೆಗೆ ಹೋಗುವಾಗಿನ ಮಾತು. ಗೇಟಿಗೆ ಬಳಿದು ಉಳಿದ ಕೆಂಪು ಡಬ್ಬಿ, ಎರಡು ಬ್ರಶ್ಶು, ಮಾವ ಮತ್ತು ಅವಳು.

ಇಂಥದ್ದು ನಡೆದರೆ ಆ ಕುರ್ಚಿಯವರನ್ನು ಅವತ್ತಿಗೆ ಎಬ್ಬಿಸಿ ಕಳಿಸುವುದು ವಾಡಿಕೆ. ಗಿಣಿ ಮನೆಗೆ ಹೋಗಲಿಲ್ಲ. ಸ್ಕೂಟರನ್ನು ನೇರ ಮಾವನ ಮೈದಾನಕ್ಕೆ ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗಲೂ ಹಲ್ಲು ಕಚ್ಚಿಕೊಂಡೇ ಇದ್ದಳು.

ಮಾವನ ಮೈದಾನವೆಂದರೆ ಎರಡು ತಗಡಿನ ಶೆಡ್ಡು, ಹುಲ್ಲು ಕತ್ತರಿಸಿದ ಉದ್ದನೆಯ ಪಟ್ಟಿ, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಪಟ್ಟೆಪಟ್ಟೆ ಬಟ್ಟೆಯ ಚೀಲ. ಹಾರಾಟ ಕಲಿಸುವ ಕ್ಲಬ್ಬು ಅದು. ಅಮ್ಮನ ಒಡಹುಟ್ಟಿದ ಅಣ್ಣನಾದ ಮಾವನಿಗೆ ಕ್ಲಬ್ಬಿನವರು ಹದ್ದು ಎಂದು ಹೆಸರಿಟ್ಟಿದ್ದರು. ಮೂಗೂ ಹಾಗೇ ಇತ್ತು, ನೋಟವೂ ಹಾಗೇ ಇತ್ತು. ಸುತ್ತಲಿನ ಮೈದಾನಗಳಲ್ಲಿ ಹಾರುವವರೆಲ್ಲ ಅವನ ಕೈಯಲ್ಲೇ ಪಳಗಿದವರು. ಹದ್ದು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ಅವನು ಕೆಂಪು ಬಾಲದ ಕೆಳಗೆ ಸ್ಟೂಲು ಹಾಕಿಕೊಂಡು ಚಕ್ರಕ್ಕೆ ಗಾಳಿ ಹಾಕುತ್ತಿದ್ದ.

"ಓಹೋ, ಗಿಣಿ ಪಂಜರ ಬಿಟ್ಟು ಬಂದುಬಿಟ್ಟಿದೆ! ಏನಮ್ಮ, ಹಣ್ಣು ಮುಗೀತಾ?"

"ಮಾವ, ಇವತ್ತು ಇದನ್ನ ಯಾರು ಹಾರಿಸಿದ್ದು?"

"ಯಾಕೆ, ನೀನು ಕಂಡಿದ್ದಾ?"

"ನಾನಲ್ಲ. ಇನ್ನೂರು ಜನರನ್ನ ಕೂರಿಸಿಕೊಂಡು ಬರ್ತಿದ್ದ ಕ್ಯಾಪ್ಟನ್ ಕಂಡಿದ್ದು. ಅವನ ರೆಕ್ಕೆ ಕೆಳಗೆ. ಚಾಡಿಕೋರನ ಬಾಯಿ ಮುಚ್ಚಿತ್ತು."

ಮಾವ ಪಂಪು ಒತ್ತುವುದನ್ನು ನಿಲ್ಲಿಸಿದ.

ಚಾಡಿಕೋರ ಎಂದರೆ ಉತ್ತರ ಕೊಡುವ ಆ ಪೆಟ್ಟಿಗೆ. ರೇಡಾರು ಕೇಳಿದ ಕೂಡಲೇ ನಮ್ಮ ಗುಟ್ಟೆಲ್ಲ ಹೇಳಿಬಿಡುತ್ತದೆಂದು ಚಿಕ್ಕ ವಿಮಾನದವರು ಇಟ್ಟ ಅಡ್ಡಹೆಸರು. ಮಾವನ ಕ್ಲಬ್ಬಿನಲ್ಲಿ ಒಂದು ಪಾಠ ಪುಸ್ತಕದಲ್ಲಿ ಇರಲಿಲ್ಲ, ಬಾಯಿಂದ ಬಾಯಿಗೆ ಬಂದಿತ್ತು: ಚಿಮಣಿ ಬಂದರೆ ಚಾಡಿಕೋರನ ಬಾಯಿ ಮುಚ್ಚು. ಚಿಮಣಿಯ ಆಚೆಯ ಆಕಾಶವೆಲ್ಲ ದೊಡ್ಡ ನಿಲ್ದಾಣದ್ದು. ಚಿಕ್ಕ ವಿಮಾನದವರು ಅದರೊಳಗೆ ಕಾಲಿಡದೆ ಸುತ್ತಿಕೊಂಡು, ಗಡಿಗೂ ಗುಡ್ಡಕ್ಕೂ ನಡುವಿನ ಸಂದಿಯಲ್ಲಿ ನುಸುಳಿ ಹೋಗಬೇಕು. ಗಾಳಿ ಎದ್ದ ದಿನ ಆ ಸಂದಿಯಲ್ಲಿ ಹೋದರೆ ಗುಡ್ಡದ ಗಾಳಿ ವಿಮಾನವನ್ನು ಮೊರದಲ್ಲಿ ಕಾಳು ಕೇರಿದ ಹಾಗೆ ಕೇರುತ್ತದೆ. ಅದಕ್ಕೇ ಗುಂಡಿ ತಿರುಗಿಸಿ ಪೆಟ್ಟಿಗೆ ಆರಿಸಿಬಿಡುವುದು, ಗಡಿಯ ಮೂಲೆಯಲ್ಲಿ ಅಡ್ಡದಾರಿ ಹಿಡಿದು ನುಗ್ಗುವುದು, ಆಚೆ ಹೋಗಿ ಮತ್ತೆ ಹಚ್ಚುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬೆಕ್ಕಿಗೆ ಬಿದ್ದರೆ ಬೆನ್ನಿಗೊಂದು ಏಟು. ಇಲ್ಲಿ ಬಿದ್ದರೆ ಹೆಣ ಆರಿಸಲು ಬುಟ್ಟಿ ಬೇಕು.

"ಗುಡ್ಡದ ಗಾಳಿ ನೋಡಿದ್ದೀಯಾ ಇವತ್ತು?" ಎಂದ ಮಾವ. "ಕಿಟಕಿ ಇಲ್ಲದ ಕೋಣೇಲಿ ಕೂತು ಹೇಗೆ ನೋಡ್ತೀಯ ಬಿಡು. ವರ್ಷಕ್ಕೊಂದು ಸಲ ನಿಮ್ಮೋರು ಗಡಿ ಸರಿಸ್ತಾರೆ. ಮೊದಲು ಪಡಸಾಲೆ ನಿಮ್ಮದಾಯ್ತು, ಆಮೇಲೆ ಅಂಗಳ ನಿಮ್ಮದಾಯ್ತು, ಈಗ ನಾವು ಮಂಚದ ಕೆಳಗೆ ತೆವಳಬೇಕು. ಆಕಾಶ ಏನು ನಿಮ್ಮಪ್ಪ ಮಾಡಿಟ್ಟ ಆಸ್ತಿಯಾ?"

"ನಮ್ಮಪ್ಪನ್ನ ಎಳೀಬೇಡ ಮಾವ. ನುಗ್ಗೋದಾದ್ರೆ ಬಾಯಿ ಬಿಟ್ಟುಕೊಂಡಾದ್ರೂ ನುಗ್ಗಿ. ಪೆಟ್ಟಿಗೆ ಆನ್ ಇದ್ದಿದ್ರೆ ಅವನ ಗಂಟೆ ಬಾರಿಸ್ತಿತ್ತು. ಕೇಳಿಕೊಂಡು ಬಂದಿದ್ರೆ ನಾನೇ ದಾರಿ ಬಿಡಿಸ್ತಿದ್ದೆ. ಬಾಯಿ ಇಲ್ವಾ ನಿಮಗೆ?"

"ಕೇಳಿದ್ವಿ," ಎಂದಿತು ಇನ್ನೊಂದು ದನಿ.

ಶೆಡ್ಡಿನ ಬಾಗಿಲಲ್ಲಿ ಗುಬ್ಬಿ ಕೂತಿದ್ದಳು. ಮಾವನ ಒಬ್ಬಳೇ ಮಗಳು, ಹೋದ ಬೇಸಿಗೆಯಷ್ಟೇ ಹಾರಾಟದ ಪರವಾನಗಿ ಪಡೆದವಳು. ಮಡಿಲಲ್ಲಿ ಚಹಾದ ಲೋಟ ಇತ್ತು. ಚಹಾ ಕೆನೆಗಟ್ಟಿತ್ತು.

"ನಾನು ಕೇಳಿದೆ ಅಕ್ಕ. ಚಿಮಣಿ ಹತ್ರ ಬಂದು ರೇಡಿಯೋದಲ್ಲಿ ವಿಮಾನದ ಹೆಸರು ಹೇಳಿ ಕರೆದೆ. 'ಕೆಂಪು ಬಾಲ, ತಡೀರಿ' ಅಂತ ಬಂತು. ನಿನ್ನ ದನಿ. ನಿನ್ನ ದನಿ ನನಗೆ ಗೊತ್ತಾಗಲ್ವಾ? ಅಕ್ಕ ಇದ್ದಾಳೆ, ಕರೀತಾಳೆ ಅಂತ ಸುತ್ತುತ್ತಾ ಇದ್ದೆ. ಗಾಳಿ ಎತ್ತಿ ಎತ್ತಿ ಹಾಕ್ತಿತ್ತು. ಮತ್ತೆ ಕರೆದೆ. ಮತ್ತೂ ಕರೆದೆ. ಯಾರೂ ಓ ಅನ್ನಲಿಲ್ಲ. ಗುಡ್ಡದ ಕಡೆ ಹೋಗೋಕೆ ಧೈರ್ಯ ಬರಲಿಲ್ಲ. ಅಪ್ಪ ಹೇಳಿಕೊಟ್ಟಿದ್ದನ್ನ ಮಾಡಿದೆ."

ಗಿಣಿಗೆ ನೆನಪೇ ಬರಲಿಲ್ಲ. ತಡೀರಿ ಎಂಬ ಮಾತನ್ನು ಅವಳು ಉಸಿರಾಡಿದಷ್ಟೇ ಸಲೀಸಾಗಿ ಆಡುತ್ತಿದ್ದಳು. ಆ ಕೋಣೆಯವರೆಲ್ಲ ಆಡುತ್ತಿದ್ದರು. ದೊಡ್ಡ ವಿಮಾನಗಳ ಸಾಲಿನ ನಡುವೆ ಒಂದು ಚಿಕ್ಕ ದನಿ ಕೇಳಿದರೆ ತಡೀರಿ ಎಂದು ಬಿಸಾಕುವುದು. ಅದು ಇಲ್ಲ ಎನ್ನುವುದಲ್ಲ, ಹೂಂ ಎನ್ನುವುದಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ದೀಪ ಇಟ್ಟವರು ಮರೆತು ಹೋಗುತ್ತಾರೆ, ಕತ್ತಲಲ್ಲಿ ನಿಂತವರು ನಿಂತೇ ಇರುತ್ತಾರೆ.

"ಕೇಳಿದೆಯಾ?" ಎಂದ ಮಾವ. "ಬಾಯಿ ಇಲ್ವಾ ಅಂದೆಯಲ್ಲ. ಬಾಯಿ ಇದೆ. ನಿಮಗೆ ಕಿವಿ ಇದೆಯಾ?"

"ನನ್ನ ಕಿವಿ ವಿಷಯ ನಾನು ನೋಡ್ಕೋತೀನಿ," ಎಂದಳು ಗಿಣಿ. "ನಿನ್ನ ಗುಂಡಿ ವಿಷಯ ನೀನು ನೋಡ್ಕೋ. ಇವಳು ಇವತ್ತು ಸಾಯ್ತಿದ್ದಳು ಮಾವ. ಇವಳೊಬ್ಬಳೇ ಅಲ್ಲ."

ಮಾವ ಪಂಪು ಎತ್ತಿಕೊಂಡು ಒಳಗೆ ಹೋದ.

ಮರುದಿನ ಬೆಳಗ್ಗೆ ಕೋಣೆಯ ಮೇಲಧಿಕಾರಿ ಗಿಣಿಯನ್ನು ಕರೆಸಿದರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. ಅವರ ಕೋಣೆಗೆ ಮಾತ್ರ ಕಿಟಕಿ ಇತ್ತು. ಕಿಟಕಿಗೆ ಪರದೆ ಎಳೆದಿದ್ದರು. ಮೇಜಿನ ಮೇಲೆ ಒಣದ್ರಾಕ್ಷಿ ಡಬ್ಬಿ, ಕಂಪ್ಯೂಟರು. ನಿನ್ನೆಯ ರೇಡಿಯೋ ಮಾತುಗಳ ಧ್ವನಿಮುದ್ರಣ ಕೇಳುತ್ತಾ ಕೂತಿದ್ದ ದೊಡ್ಡವರ ಮುಖ ಮದುವೆಮನೆಯವರ ಮುಖದ ಹಾಗಿತ್ತು.

"ಶಭಾಷ್ ಕಣಮ್ಮ. ಬೇನಾಮಿಯನ್ನ ಹಿಡಿದೆಯಲ್ಲ, ಎಂಥ ಕಣ್ಣು! ಆ ಹದ್ದಿನ ಕ್ಲಬ್ಬು ಎಷ್ಟು ವರ್ಷದಿಂದ ನನ್ನ ತಲೆ ತಿಂತಿತ್ತು. ಈಗ ಸಿಕ್ಕಿಬಿದ್ದ. ಬೀಗ ಹಾಕಿಸಿಬಿಡ್ತೀನಿ."

"ಅವರು ನನ್ನ ಸೋದರಮಾವ ಸಾರ್. ವಿಮಾನ ಹಾರಿಸಿದ್ದು ಅವರ ಮಗಳು. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮುಚ್ಚಿಟ್ಟಳು ಅನ್ನಬಾರದು."

ದೊಡ್ಡವರು ದ್ರಾಕ್ಷಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಆಯ್ತು, ಅದಕ್ಕೇನು. ಸಂಬಂಧ ಬೇರೆ, ಕೆಲಸ ಬೇರೆ."

"ಸ್ವಲ್ಪ ಹಿಂದಕ್ಕೆ ಹೋಗಿ ಸಾರ್. ಬೇನಾಮಿ ಕಾಣೋದಕ್ಕೆ ಮುಂಚೆ."

ಹಿಂದಕ್ಕೆ ಹೋದರು. ಗುಬ್ಬಿಯ ದನಿ ಬಂತು, ಪುಸ್ತಕದಲ್ಲಿದ್ದ ಹಾಗೆ ಅಚ್ಚುಕಟ್ಟಾಗಿ. ಅದರ ಮೇಲೆ ಗಿಣಿಯ ದನಿ: ಕೆಂಪು ಬಾಲ, ತಡೀರಿ. ಆಮೇಲೆ ದೊಡ್ಡ ವಿಮಾನ, ಇನ್ನೊಂದು ದೊಡ್ಡ ವಿಮಾನ. ಅವುಗಳ ಸಂದಿಯಲ್ಲಿ ಗುಬ್ಬಿ. ಮತ್ತೆ ದೊಡ್ಡ ವಿಮಾನ. ಮತ್ತೆ ಗುಬ್ಬಿ, ಈ ಸಲ ಪುಸ್ತಕ ಮರೆತು: "ಯಾರಾದ್ರೂ ಇದ್ದೀರಾ?" ಅದಕ್ಕೆ ಉತ್ತರವಾಗಿ ಗಿಣಿಯ ದನಿ ಬೇರೆ ಯಾರಿಗೋ ವೇಗ ತಗ್ಗಿಸಿ ಎನ್ನುತ್ತಿತ್ತು.

ತನ್ನದೇ ದನಿ ಅಷ್ಟು ಅಸಹ್ಯವಾಗಿ ಗಿಣಿಗೆ ಎಂದೂ ಕೇಳಿಸಿರಲಿಲ್ಲ. ಸಿಟ್ಟು ಬಂದರೆ ಎದುರಿಗೆ ಒಬ್ಬರು ಬೇಕು. ನಿನ್ನೆಯಿಂದ ಅವಳು ಆ ಎದುರಿನ ಜಾಗದಲ್ಲಿ ಮಾವನನ್ನು ಕೂರಿಸಿಕೊಂಡಿದ್ದಳು. ಈಗ ಅಲ್ಲಿ ಇಬ್ಬರಿದ್ದರು.

ದೊಡ್ಡವರು ಧ್ವನಿಮುದ್ರಣ ನಿಲ್ಲಿಸಿ ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. "ಇದೆಲ್ಲ ಬೇಡ. ತಡೀರಿ ಅಂದ್ರೆ ತಡೀಬೇಕು. ನಿಯಮ ಹಾಗೇ ಇದೆ. ನಿನ್ನದೇನೂ ತಪ್ಪಿಲ್ಲ. ಕೆಂಪು ಬಾಲದ ಭಾಗ ಬರೆದು ಕೊಡು, ಸಾಕು."

"ಎಷ್ಟು ಹೊತ್ತು ತಡೀಬೇಕು ಸಾರ್? ಪೆಟ್ರೋಲ್ ಮುಗಿಯೋ ತನಕಾನಾ?"

"ಚಿಕ್ಕ ವಿಮಾನಗಳನ್ನ ನೋಡ್ಕೊಳ್ಳೋದು ನಮ್ಮ ಕೆಲಸ ಅಲ್ಲಮ್ಮ. ಅವು ಗಡಿ ಆಚೆ ಇರಬೇಕು, ನಾವು ಈಚೆ. ಜನ ಎಲ್ಲಿದ್ದಾರೆ ನನ್ನ ಹತ್ರ?"

"ಒಂದು ಕುರ್ಚಿ ಕೊಡಿ. ಇಳಿಯೋ ರಶ್ಶು ಇದ್ದಾಗ ಮಾತ್ರ. ಚಿಕ್ಕವರಿಗೇ ಬೇರೆ ರೇಡಿಯೋ ಚಾನೆಲ್ಲು, ಅವರನ್ನೇ ನೋಡೋಕೆ ಒಬ್ಬರು. ಕರೆದರೆ ಓ ಅನ್ನೋಕೆ. ಪೆಟ್ಟಿಗೆ ಆರಿಸದ ಹಾಗೆ ಅವರನ್ನ ಒಪ್ಪಿಸೋದು ನನ್ನ ಪಾಡು."

"ಕ್ಲಬ್ಬೇ ಮುಚ್ಚಿದ್ರೆ ಪೆಟ್ಟಿಗೆ ಎಲ್ಲಿಂದ ಬಂತು?"

"ನೆಗಡಿ ಬಂತು ಅಂತ ಮೂಗು ಕೊಯ್ತೀರಾ ಸಾರ್? ಸುತ್ತಮುತ್ತ ಇನ್ನೂ ಎಷ್ಟು ಮೈದಾನ ಇದೆ. ಎಲ್ಲರೂ ಚಾಡಿಕೋರ ಅಂತಲೇ ಕರೀತಾರೆ. ಒಬ್ಬನಿಗೆ ಬೀಗ ಹಾಕಿದ್ರೆ ಉಳಿದೋರು ಕಲಿಯೋ ಪಾಠ ಒಂದೇ. ಸಿಕ್ಕಿಬೀಳಬಾರದು. ಈಗ ಚಿಮಣಿ ಹತ್ರ ಆರಿಸೋರು ನಾಳೆಯಿಂದ ಹೊರಡುವಾಗಲೇ ಆರಿಸಿಕೊಂಡು ಬರ್ತಾರೆ."

"ಕುರ್ಚಿ ಇಲ್ಲ," ಎಂದರು ದೊಡ್ಡವರು. ಮದುವೆಮನೆಯ ಮುಖ ಮುದುಡಿತ್ತು. "ಇನ್ನೊಂದು ಮಾತು ಕೇಳು. ನಿನ್ನ 'ತಡೀರಿ'ಯನ್ನೂ ವರದೀಲಿ ಬರೆದರೆ ವಿಚಾರಣೆ ನಿನ್ನ ಮೇಲೂ ಆಗುತ್ತೆ. ಮುಗಿಯೋ ತನಕ ನಿನಗೇ ಕುರ್ಚಿ ಇರಲ್ಲ."

ಗಿಣಿ ಬರೆದಳು. ಮೊದಲ ಸಾಲಿನಲ್ಲಿ ತನ್ನ ತಪ್ಪು, ಎರಡನೆಯದರಲ್ಲಿ ಗುಬ್ಬಿಯದು, ಮೂರನೆಯದರಲ್ಲಿ ಗುಬ್ಬಿಗೆ ಅದನ್ನು ಕಲಿಸಿದವನದು. ಯಾರನ್ನೂ ಬಿಡಲಿಲ್ಲ.

ಅವಳನ್ನು ಹಳೆಯ ನಕ್ಷೆಗಳ ಉಗ್ರಾಣಕ್ಕೆ ಹಾಕಿದರು, ಧೂಳು ಹೊಡೆದು ಸುರುಳಿ ಸುತ್ತುವ ಕೆಲಸ. ಗುಬ್ಬಿಯ ಪರವಾನಗಿಯನ್ನು ತಡೆಹಿಡಿದರು. ಕ್ಲಬ್ಬಿಗೆ ನೋಟೀಸು ಹೋಯಿತು. ಸಂಜೆ ಅಮ್ಮ ಅಡುಗೆಮನೆಯಿಂದಲೇ ಕೂಗಾಡಿದಳು.

"ಒಡಹುಟ್ಟಿದವನ ಮನೆ ಬಾಗಿಲು ನನಗೆ ಮುಚ್ಚಿಸಿಬಿಟ್ಟೆಯಲ್ಲೇ! ನಿಮ್ಮಪ್ಪ ಹೋದ ಮೇಲೆ ನಿನ್ನನ್ನ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟೋನು ಅವನು. ಬರೀಲೇಬೇಕಿತ್ತಾ?"

"ಬರೀದೆ ಇದ್ದಿದ್ರೆ ಮುಂದಿನ ಸಲ ಗುಬ್ಬಿಯನ್ನ ಹೊರೋಕೆ ನಾಲ್ಕು ಜನ ಹುಡುಕಬೇಕಿತ್ತಮ್ಮ."

ಅಮ್ಮ ಸೌಟು ಕೆಳಗಿಟ್ಟಳು. ತಟ್ಟೆ ಹಾಕುತ್ತಾ, "ಊಟಕ್ಕೆ ಬಾ. ನಾಳೆ ಸಂಜೆ ಅವನ ಮನೆಗೆ ಹೋಗೋಣ, ನಾನೂ ಬರ್ತೀನಿ. ಅಣ್ಣ ನಿನಗೆ ಬಾಗಿಲು ತೆಗೀದೆ ಇರಬಹುದು, ನನಗೆ ತೆಗೀದೆ ಎಲ್ಲಿಗೆ ಹೋಗ್ತಾನೆ," ಎಂದಳು.

ಮರುದಿನ ಉಗ್ರಾಣದಲ್ಲಿ ನಕ್ಷೆಗಳನ್ನು ಸುತ್ತುತ್ತಾ ಗಿಣಿ ಯೋಚಿಸಿದ್ದು ಒಂದನ್ನೇ. ಕುರ್ಚಿ ಕೊಡಿ ಎಂದು ಬೇಡಿದರೆ ಕೊಡುವುದಿಲ್ಲ. ಯಾಕೆ ಕೊಡಬೇಕು? ದೊಡ್ಡವರ ಕಣ್ಣಿಗೆ ಆಕಾಶ ಖಾಲಿ ಇದೆ. ಚಿಕ್ಕವರು ಬಾಯಿ ಮುಚ್ಚಿಕೊಂಡಿರುವ ತನಕ ಅದು ಖಾಲಿಯೇ ಇರುತ್ತದೆ. ಬಚ್ಚಿಟ್ಟುಕೊಂಡವನಿಗೆ ಎಲೆ ಹಾಕುವವರು ಯಾರು?

ಸಂಜೆ ಮಾವ ಮೈದಾನದ ಪಕ್ಕದ ತನ್ನ ಮನೆಯ ಬಾಗಿಲನ್ನು ತಂಗಿಗೆ ತೆಗೆದ. ತಂಗಿಯ ಹಿಂದೆ ನಿಂತಿದ್ದವಳನ್ನು ನೋಡಿ ಮುಚ್ಚಲು ಹೋದ. ಅಷ್ಟರಲ್ಲಿ ಅಮ್ಮ ಹೊಸ್ತಿಲು ದಾಟಿ ಆಗಿತ್ತು.

"ನಿನ್ನ ಕ್ಲಬ್ಬು ಉಳಿಸೋಕೆ ಬಂದಿದ್ದೀನಿ ಮಾವ," ಎಂದಳು ಗಿಣಿ.

"ಮನೆ ಸುಟ್ಟೋಳು ಬಕೆಟ್ಟು ಹಿಡಿದು ಬಂದಳಂತೆ."

"ಬೈಯಿ. ಬೈದು ಮುಗಿಸಿ ಕೇಳು. ಎಲ್ಲಾ ಮೈದಾನದೋರೂ ಪೆಟ್ಟಿಗೆ ಆನ್ ಇಟ್ಟುಕೊಂಡು ಹಾರಬೇಕು. ಗಡಿ ದಾಟಬೇಡಿ, ಒಂದು ಕೂದಲೆಳೆಯಷ್ಟೂ ದಾಟಬೇಡಿ. ಗಾಳಿ ಇದ್ದ ದಿನ ಗುಡ್ಡದ ಸಂದಿಗೂ ಹೋಗಬೇಡಿ. ಚಿಮಣಿಯ ಈಚೆ ಸುತ್ತುತ್ತಾ ರೇಡಿಯೋದಲ್ಲಿ ದಾರಿ ಕೇಳಿ. ಕೊಡದಿದ್ರೆ ವಾಪಸ್ ಹೋಗಿ, ಮತ್ತೆ ಬಂದು ಕೇಳಿ. ಎಲ್ಲರೂ. ಪ್ರತಿ ಸಲ."

"ಕೇಳಿದ್ರೆ ತಡೀರಿ ಅಂತಾರೆ."

"ಅನ್ನಲಿ. ಎಲ್ಲ ರೆಕಾರ್ಡ್ ಆಗುತ್ತೆ. ಪೆಟ್ಟಿಗೆ ಆನ್ ಇದ್ರೆ ದೊಡ್ಡ ವಿಮಾನಗಳ ಗಂಟೆ ಬಾರಿಸುತ್ತೆ. ನಾನು ಹೇಳಿದ್ರೆ ನಮ್ಮ ದೊಡ್ಡವರು ಕೇಳಲ್ಲ. ಕ್ಯಾಪ್ಟನ್‌ಗಳು ಕೂಗಾಡಿದ್ರೆ ಕೇಳಲೇಬೇಕು."

ಮಾವ ನಕ್ಕ. ಒಳ್ಳೆಯ ನಗು ಅಲ್ಲ. "ಕಳ್ಳನ ಕೊರಳಿಗೆ ಗಂಟೆ ಕಟ್ಟಿ ಊರು ಸುತ್ತು ಅಂತೀಯಾ?"

"ನೀವು ಕಳ್ಳರಲ್ಲ ಅಂತ ಹೇಳೋಕೆ ಬೇರೆ ದಾರಿ ಇದ್ರೆ ಹೇಳು ಮಾವ, ಅದನ್ನೇ ಮಾಡೋಣ."

"ನಲವತ್ತು ವರ್ಷ ಹಾರಿದ್ದೀನಿ. ನನಗೆ ಕಣ್ಣಿದೆ. ಎದುರಿಗೆ ಬಂದಿದ್ದು ಕಂಡೇ ಕಾಣುತ್ತೆ."

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಗುಬ್ಬಿ ಬಾಯಿ ಬಿಟ್ಟಳು.

"ನನಗೆ ಕಾಣಲಿಲ್ಲ ಅಪ್ಪ. ನಿನ್ನ ಕಣ್ಣೇ ನನಗೂ ಬಂದಿದೆ ಅಂತಿದ್ದೆಯಲ್ಲ, ಆ ಕಣ್ಣಿಗೆ ಕಾಣಲಿಲ್ಲ. ಮೊದಲು ನೆರಳು ಬಿತ್ತು. ತಲೆ ಎತ್ತಿದಾಗ ಕಿಟಕಿಗಳ ಸಾಲು. ಒಂದು ಕಿಟಕೀಲಿ ಒಂದು ಮಗು ಗಾಜಿಗೆ ಮೂಗು ಒತ್ತಿಕೊಂಡು ನನ್ನನ್ನೇ ನೋಡ್ತಿತ್ತು. ಅದು ಕೈ ಬೀಸ್ತು ಅಪ್ಪ."

ಮಾವನ ಕಣ್ಣು ಶೆಡ್ಡಿನ ಕಡೆಗೆ ಹೋಯಿತು.

"ಅಕ್ಕ ತನ್ನ ಹೆಸರನ್ನೇ ಮೊದಲು ಬರೆದಳು," ಎಂದಳು ಗುಬ್ಬಿ. "ಕುರ್ಚಿ ಬಿಟ್ಟುಕೊಟ್ಟಳು. ನಿನ್ನ ಕೈಯಲ್ಲಿ ಒಂದು ಗುಂಡಿ ಬಿಡೋಕೆ ಆಗಲ್ವಾ?"

ಮಾವ ಎದ್ದು ಹೊರಗೆ ನಡೆದ. ಸಿಟ್ಟಿನಿಂದ ಹೋದನೆಂದೇ ಎಲ್ಲರೂ ಅಂದುಕೊಂಡರು. ಶೆಡ್ಡಿನ ಕಡೆಯಿಂದ ಕಟಕಟ ಸದ್ದು ಬಂತು, ಅದರ ಹಿಂದೆ ಒಂದು ಕೆಟ್ಟ ಬೈಗುಳ. ತಿರುಗಿ ಬಂದಾಗ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಕಡಲೆಕಾಳಿನಷ್ಟು ದೊಡ್ಡ ಕಪ್ಪು ಗುಂಡಿ. ಚಾಡಿಕೋರನನ್ನು ಆನ್ ಮಾಡಿಟ್ಟು, ಮತ್ತೆ ತಿರುಗಿಸಲು ಹಿಡಿಯೇ ಸಿಗದ ಹಾಗೆ ಗುಂಡಿಯನ್ನೇ ಕಿತ್ತು ತಂದಿದ್ದ.

"ತಗೋ," ಎಂದು ಗಿಣಿಯ ಅಂಗೈಯಲ್ಲಿ ಒತ್ತಿದ. "ನಿಮ್ಮ ಆಫೀಸಲ್ಲೇ ಇಟ್ಟುಕೋ. ಇನ್ನು ಅವನು ಸತ್ತರೂ ಬಾಯಿ ಮುಚ್ಚಲ್ಲ. ನಿಮ್ಮೋರ ಕಿವಿ ತೆರೀದೇ ಹೋದ್ರೆ ಮಾತ್ರ, ಗಿಣಿ, ನಿನ್ನ ರೆಕ್ಕೆ ನಾನೇ ಕತ್ತರಿಸ್ತೀನಿ."

ಹದ್ದು ಹೂಂ ಅಂದಿತ್ತು. ಆದರೂ ಎಲ್ಲ ಮೈದಾನದವರೂ ಒಂದೇ ಸಲ ಒಪ್ಪಲಿಲ್ಲ. ಔಷಧಿ ಸಿಂಪಡಿಸುವ ವಿಮಾನದವನೊಬ್ಬ, "ಮೊದಲು ಅವರು ಓ ಅನ್ನಲಿ, ಆಮೇಲೆ ನಾನು ಆನ್ ಮಾಡ್ತೀನಿ," ಎಂದು ಮಾವನ ಮುಖಕ್ಕೇ ಅಂದ. ಮಾವ ಅವನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಗಿಣಿ ರಜೆಯ ದಿನಗಳಲ್ಲೆಲ್ಲ ಸ್ಕೂಟರು ಹತ್ತಿ ಮೈದಾನದಿಂದ ಮೈದಾನಕ್ಕೆ ಅಲೆದಳು. ಕೆಲವರು ಚಹಾ ಕೊಟ್ಟರು. ಕೆಲವರು ಗೂಢಚಾರಿಣಿ ಬಂದಳು ನೋಡ್ರೋ ಎಂದು ಶೆಡ್ಡಿನ ಬಾಗಿಲು ಎಳೆದುಕೊಂಡರು. ಎಳೆದುಕೊಂಡ ಬಾಗಿಲ ಮುಂದೆ ಅವಳು ಮತ್ತೆ ಹೋಗಿ ನಿಂತಳು. ನಾಚಿಕೆಯನ್ನು ಅವಳು ಆ ಧ್ವನಿಮುದ್ರಣ ಕೇಳಿದ ದಿನವೇ ಖರ್ಚು ಮಾಡಿ ಮುಗಿಸಿದ್ದಳು.

ಆಮೇಲೆ ಒಂದು ಮಧ್ಯಾಹ್ನ, ಗುಡ್ಡದ ಗಾಳಿ ಎದ್ದ ದಿನ, ಉಗ್ರಾಣದ ಬಾಗಿಲಿಗೆ ಪಕ್ಕದ ಕುರ್ಚಿಯವನು ಓಡಿ ಬಂದ.

"ಗಿಣಿ, ಬಾ ನೋಡು, ಪರದೆಗೆ ಸಿಡುಬು ಎದ್ದಿದೆ!"

ಚಿಮಣಿಯ ಸುತ್ತ ಚುಕ್ಕೆಗಳೇ ಚುಕ್ಕೆಗಳು. ಒಂದೂ ಬೇನಾಮಿ ಅಲ್ಲ. ಪ್ರತಿಯೊಂದಕ್ಕೂ ಹೆಸರಿತ್ತು, ಎತ್ತರವಿತ್ತು. ಗಡಿಯ ಗೆರೆಯನ್ನು ಒಂದೂ ತುಳಿದಿರಲಿಲ್ಲ. ರೇಡಿಯೋದಲ್ಲಿ ಒಬ್ಬರಾದ ಮೇಲೆ ಒಬ್ಬರು ಮರ್ಯಾದೆಯಿಂದ ದಾರಿ ಕೇಳುತ್ತಿದ್ದರು. ದೊಡ್ಡ ವಿಮಾನಗಳಲ್ಲಿ ಗಂಟೆ ಬಾರಿಸತೊಡಗಿತ್ತು.

"ಏನಿದು?" ಎಂದು ಒಬ್ಬ ಕ್ಯಾಪ್ಟನ್ ಕೇಳಿದ. "ನಮ್ಮ ಕೆಳಗೆ ಇಷ್ಟೊಂದು ವಿಮಾನ ಎಲ್ಲಿಂದ ಬಂದವು?"

ಬಂದಿರಲಿಲ್ಲ. ಮೊದಲಿಂದಲೂ ಇದ್ದವು. ಇಷ್ಟು ವರ್ಷ ಆ ಕೋಣೆಯವರು, ಆ ಕ್ಯಾಪ್ಟನ್ನುಗಳು, ಹಿಂದೆ ಕೂತು ಪತ್ರಿಕೆ ಮಡಿಸಿಟ್ಟು ಬೆಲ್ಟು ಬಿಗಿದುಕೊಳ್ಳುತ್ತಿದ್ದ ಜನ, ಎಲ್ಲರೂ ಇವುಗಳ ನೆತ್ತಿಯ ಮೇಲೇ ಇಳಿದಿದ್ದರು. ಕಾಣದ್ದನ್ನು ಇಲ್ಲ ಎಂದುಕೊಂಡು ಹಾಯಾಗಿದ್ದರು.

ದೂರಿನ ಮೇಲೆ ದೂರು ಬಂತು. ದೊಡ್ಡವರು ಮೊದಲು ಚಿಕ್ಕವರ ಮೇಲೆ ಹರಿಹಾಯ್ದರು. ಆದರೆ ಯಾವ ನಿಯಮದ ಪ್ರಕಾರ ಹಿಡಿಯುವುದು? ಪೆಟ್ಟಿಗೆ ಆನ್ ಇದೆ, ಗಡಿ ದಾಟಿಲ್ಲ, ಕೇಳುತ್ತಿದ್ದಾರೆ. ಅದೇ ಹೊತ್ತಿಗೆ ವಿಚಾರಣೆಗೆ ಬಂದ ಹೊರಗಿನ ಅಧಿಕಾರಿ, ಬೋಳುತಲೆಯ ಹೆಚ್ಚು ಮಾತಿಲ್ಲದ ಮನುಷ್ಯ, ಧ್ವನಿಮುದ್ರಣವೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: "ಇವರಿಗೆ ಉತ್ತರ ಕೊಡಬೇಕಾದವರು ಯಾರು?" ದೊಡ್ಡವರು ದ್ರಾಕ್ಷಿ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು.

ಗಿಣಿಗೆ ಎಚ್ಚರಿಕೆಯ ಪತ್ರ ಬಂತು. ಗುಬ್ಬಿ ಪರೀಕ್ಷೆ ಮತ್ತೆ ಬರೆಯಬೇಕೆಂದಾಯಿತು. ಕ್ಲಬ್ಬಿನ ನೋಟೀಸು ವಾಪಸಾಗಲಿಲ್ಲ, ಆರು ತಿಂಗಳು ನೋಡುತ್ತೇವೆ ಎಂದರು. ಒಂದು ಕುರ್ಚಿಯೂ ಬಂತು. ಎಲ್ಲಿಂದಲೋ ಎಳೆದು ತಂದದ್ದು, ಒಂದು ಚಕ್ರ ಕಿರ್ರ್ ಎನ್ನುತ್ತಿತ್ತು, ಬೆನ್ನಿನ ಹೊಲಿಗೆ ಬಿಚ್ಚಿತ್ತು. "ಮೂರು ತಿಂಗಳು ಮಾತ್ರ," ಎಂದರು ದೊಡ್ಡವರು. "ಆಮೇಲೆ ನೋಡೋಣ."

"ನೋಡೋಣ ಸಾರ್," ಎಂದು ಗಿಣಿ ಅದರಲ್ಲಿ ಕೂತಳು. ಪರದೆಯ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಕಪ್ಪು ಗುಂಡಿಯನ್ನು ಇಟ್ಟಳು.

ಗಾಳಿಯ ದಿನವೇ ಅವನು ಬಂದ. ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಮಗಳು ನೆಲದ ಮೇಲಿರುವಾಗ ತಾನು ಹಾರುವುದಿಲ್ಲ ಎಂದು ಮುನಿಸಿಕೊಂಡಿದ್ದವನು, ಮಗಳೇ ಬೈದು ಅಟ್ಟಿದ ಮೇಲೆ ಹತ್ತಿದ್ದ.

"ಕೆಂಪು ಬಾಲ, ಚಿಮಣಿ ಹತ್ರ," ಎಂದಿತು ರೇಡಿಯೋ. ಪುಸ್ತಕದ ಮಾತು, ಆದರೆ ಒಳಗೆ ಹದ್ದಿನ ಗತ್ತು. "ಮೂಲೆ ದಾಟಬೇಕು."

ಪರದೆಯ ಮೇಲೆ ಅವನ ಹೆಸರು ಬೆಳಗುತ್ತಿತ್ತು, ಎತ್ತರ ಬೆಳಗುತ್ತಿತ್ತು. ಮೇಲಿನ ಸಾಲಿನಲ್ಲಿ ದೊಡ್ಡ ವಿಮಾನಗಳು ಒತ್ತೊತ್ತಾಗಿ ಇಳಿಯುತ್ತಿದ್ದವು. ದಾರಿ ಇರಲಿಲ್ಲ. ಬಾಯಿಗೆ ಬಂದ ಮಾತು ಅದೇ ಹಳೆಯದು. ಗಿಣಿ ಅದನ್ನು ನುಂಗಲಿಲ್ಲ. ಅದರ ಹಿಂದೆ ಇನ್ನಷ್ಟು ಸೇರಿಸಿದಳು.

"ಕೆಂಪು ಬಾಲ, ಕಾಣ್ತಿದ್ದೀರಿ. ತಡೀರಿ. ಎರಡು ದೊಡ್ಡವು ಇಳೀತಿವೆ. ಎರಡನೆಯದು ಚಿಮಣಿ ದಾಟಿದ ಕೂಡಲೇ ನಾನೇ ಕರೀತೀನಿ."

ತಡೀರಿ ಎಂದದ್ದಕ್ಕೆ ಅವನು ಏನೇನು ಅಂದುಕೊಳ್ಳುತ್ತಿದ್ದಾನೆಂದು ಅವಳಿಗೆ ಅಕ್ಷರ ಅಕ್ಷರ ಗೊತ್ತಿತ್ತು.

"ತಡೀತೀನಿ," ಎಂದ ಮಾವ.

ಚುಕ್ಕೆ ತಿರುಗಿತು. ಚಿಮಣಿಯ ಈಚೆ ಸುತ್ತತೊಡಗಿತು. ಗಾಳಿ ಅದನ್ನು ಎತ್ತುತ್ತಿತ್ತು, ಹಾಕುತ್ತಿತ್ತು; ಪಕ್ಕದ ಅಂಕೆ ಏರುತ್ತಿತ್ತು, ಇಳಿಯುತ್ತಿತ್ತು. ಮೊದಲ ವಿಮಾನ ದಾಟಿತು. ಬೇರೆ ಮೈದಾನದವನೊಬ್ಬ ಕರೆದ, ಅವನಿಗೂ ಉತ್ತರ ಕೊಟ್ಟಳು. ಹಿಂದಿನಿಂದ ಬಾಗಿಲು ತೆರೆದ ಬೆಳಕು ಬಿತ್ತು. ದೊಡ್ಡವರು ಯಾವುದೋ ಕಾಗದ ಹಿಡಿದು ಕುರ್ಚಿಯ ಬೆನ್ನಿಗೆ ಬಂದು ನಿಂತರು.

"ಅಮ್ಮ, ಒಂದು ನಿಮಿಷ, ಈ ತಿಂಗಳ ಪಾಳಿ..."

ಗಿಣಿ ತಿರುಗಿ ನೋಡಲಿಲ್ಲ. ಒಂದು ಕೈಯನ್ನು ಮೇಲಕ್ಕೆತ್ತಿದಳು.

"ತಡೀರಿ ಸಾರ್."

ದೊಡ್ಡವರು ನಿಂತರು. ಎರಡನೆಯ ವಿಮಾನ ಚಿಮಣಿಯನ್ನು ದಾಟಿತು, ದಾಟಿ ಇನ್ನೂ ಒಂದಿಷ್ಟು ಹೋಯಿತು. ಅವಳು ಅದರ ಹಿಂದಿನ ಗಾಳಿಯ ಸುಳಿಯೂ ಕಳೆಯಲಿ ಎಂದು ಕಾದಳು. ಚುಕ್ಕೆ ಸುತ್ತುತ್ತಲೇ ಇತ್ತು. ಮತ್ತೆ ಕರೆಯಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ.

"ಕೆಂಪು ಬಾಲ, ಈಗ ದಾಟಿ. ದಾರಿ ನಿಮ್ಮದು."

"ದಾಟ್ತಾ ಇದ್ದೀನಿ," ಎಂದಿತು ರೇಡಿಯೋ. ಆಮೇಲೆ, ನಿಯಮಕ್ಕೆ ವಿರುದ್ಧವಾಗಿ, ಮೆಲ್ಲಗೆ: "ನೆನಪಿತ್ತಲ್ಲ, ಗಿಣಿ."

ಅದಕ್ಕೆ ಉತ್ತರ ಕೊಡುವ ಹಾಗಿರಲಿಲ್ಲ. ಹೆಸರು ಹೊತ್ತ ಚುಕ್ಕೆ ಗಡಿಯೊಳಕ್ಕೆ ಬಂತು, ನೂಲು ಹಿಡಿದ ಹಾಗೆ ನೆಟ್ಟಗೆ ಹೋಯಿತು, ಆಚೆ ಬದಿಯಲ್ಲಿ ಹೊರಬಿತ್ತು. ಅದು ಹೊರಬೀಳುವ ತನಕ ಗಿಣಿಯ ಕೈ ಮೇಲೆಯೇ ಇತ್ತು. ಆಮೇಲೆ ಇಳಿಸಿದಳು, ಕಿರ್ರ್ ಎನ್ನುವ ಕುರ್ಚಿಯನ್ನು ಅರ್ಧ ತಿರುಗಿಸಿದಳು, ಕಣ್ಣನ್ನು ಮಾತ್ರ ಪರದೆಯ ಮೇಲೆಯೇ ಬಿಟ್ಟಳು.

"ಈಗ ಹೇಳಿ ಸಾರ್."